ಅಮ್ಮನ ಹಂತ

ರಾಕ್ಷಸಿಗೆ ಎಂಟು ಕೈ ಇರಲಿ ಅಂತ ಗಡುವಪ್ಪ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಗಡುವಪ್ಪ ಅಂದರೆ ನಮ್ಮ ತಂಡದ ಮುಖ್ಯಸ್ಥರು. ಮಾತೆತ್ತಿದರೆ ಗಡುವು, ಗಡುವು ಅನ್ನುತ್ತಾರೆ, ಅದಕ್ಕೆ ಆ ಹೆಸರು, ಇಟ್ಟವಳು ನಾನೇ. ನಾವು ವಿಡಿಯೋ ಗೇಮ್ ಮಾಡುವವರು. ಟೈರ್ ಅಂಗಡಿಯ ಮೇಲಿನ ಎರಡನೇ ಮಹಡಿ, ಹದಿನಾಲ್ಕು ಜನ, ಹನ್ನೆರಡು ಕುರ್ಚಿ. ಗೇಮಿನೊಳಗೆ ಯಾರು ಬಾಯಿ ತೆರೆದರೂ ಅದರಿಂದ ಬೀಳುವ ಮಾತು ನಾನು ಬರೆದದ್ದು.

ಎಂಟು ಕೈ ಯಾಕೆ ಸಾರ್, ಅಮ್ಮನಿಗೆ ಎರಡೇ ಸಾಕು, ಅದೂ ಪಾತ್ರೆ ತೊಳೆದು ಸವೆದ ಎರಡು ಕೈ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಗೇಮುಗಳಲ್ಲಿ ಕೆಟ್ಟ ಅಪ್ಪ ಅಮ್ಮಂದಿರಿಗೇನು ಬರವೇ? ಬೆಂಕಿ ಉಗುಳುವ ಅಪ್ಪ, ಮಕ್ಕಳನ್ನು ಗೊಂಬೆ ಮಾಡಿ ಕಪಾಟಿನಲ್ಲಿಡುವ ತಾಯಿ, ಸರಪಳಿ ಎಳೆದುಕೊಂಡು ಓಡಾಡುವ ಅಜ್ಜ. ಕೊನೆಯ ಹಂತದಲ್ಲಿ ಕತ್ತಿ ಬೀಸಿ ಕೊಂದರೆ ಮುಗೀತು, ಆಡುವವನು ಕೈ ತೊಳೆದುಕೊಂಡು ಊಟಕ್ಕೆ ಏಳುತ್ತಾನೆ. ನನಗೆ ಬೇಕಾಗಿದ್ದು ಅದಲ್ಲ. ಕೊಲ್ಲುವುದಿರಲಿ, ಬೈಯುವುದಕ್ಕೂ ಬಾಯಿ ಬರಬಾರದು, ಅಂಥವಳು ಬೇಕಾಗಿತ್ತು. ಎದುರಿಗೆ ಬಂದು ಕೂತು 'ತಿಂದ್ಯಾ?' ಅಂತ ಕೇಳುವ ರಾಕ್ಷಸಿ.

ಅಂಥವಳ ಜೊತೆ ನಾನು ಇಪ್ಪತ್ತಾರು ವರ್ಷ ಬಾಳಿದ್ದೆ. ನಮ್ಮಮ್ಮ. ತೀರಿಕೊಂಡು ಮೂರು ವರ್ಷವಾಯಿತು, ಇವತ್ತಿಗೂ ನಲ್ಲಿ ತಿರುಗಿಸುವಾಗ ಸದ್ದಾಗದ ಹಾಗೆ ತಿರುಗಿಸುತ್ತೇನೆ. ಅವಳು ಒಂದು ದಿನವೂ ಹೊಡೆದವಳಲ್ಲ. ಕೂಗಿದವಳೂ ಅಲ್ಲ. ಸಿಟ್ಟು ಬಂದರೆ ಪಾತ್ರೆ ತೊಳೆಯುತ್ತಿದ್ದಳು, ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು, ಆ ಸದ್ದು ನಿಲ್ಲುವ ತನಕ ನಾನು ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಅವಳ ಮಾತುಗಳನ್ನು ನೆನಪು ಮಾಡಿಕೊಂಡು ಬರೆಯುತ್ತಾ ಹೋದೆ. ಸಾವಿರದ ನಾನೂರು ಸಾಲು ಆಯಿತು. ನಾಟಕದಿಂದ ನಿವೃತ್ತರಾದ ಒಬ್ಬ ಹಿರಿಯ ಕಲಾವಿದೆ ಒಂದು ವಾರ ಕೂತು ಅಷ್ಟಕ್ಕೂ ದನಿ ಕೊಟ್ಟರು. ಕೊನೆಯ ದಿನ ಹೆಡ್‌ಫೋನ್ ತೆಗೆದಿಟ್ಟು, ಯಾರಮ್ಮಾ ಈ ಹೆಂಗಸು, ಇಷ್ಟು ಪ್ರೀತಿಯಿಂದ ಕತ್ತು ಹಿಸುಕ್ತಾಳೆ ಅಂದರು. ನನಗೆ ಬಹುಮಾನ ಬಂದಷ್ಟು ಖುಷಿಯಾಯಿತು.

ಆಟ ಇಷ್ಟೇ. ಆಡುವವರು ಮಗಳು. ಮನೆಯಿಂದ ಹೊರಗೆ ಹೋಗಬೇಕು. ಮೂರು ಕೋಣೆಯಲ್ಲಿ ಮೂರು ಬೀಗದ ಕೈ, ನಡುವೆ ಅಮ್ಮ. ಅವಳೊಳಗೆ ಒಂದು ಸಂಖ್ಯೆ ಇದೆ, ಸೊನ್ನೆಯಿಂದ ನೂರು. ಆಡುವವರಿಗೆ ಕಾಣುವುದಿಲ್ಲ, ನಾವು ಅದಕ್ಕೆ ಮುನಿಸು ಅನ್ನುತ್ತೇವೆ. ಎದುರು ಮಾತಾಡಿದರೆ ಮುನಿಸು ಏರುತ್ತದೆ. ಸುಮ್ಮನಿದ್ದರೆ, ಏನೋ ಮುಚ್ಚಿಡ್ತಿದ್ದೀಯ ಅಂತ ಇನ್ನೂ ಏರುತ್ತದೆ. ಅರವತ್ತಕ್ಕೆ ಪಾತ್ರೆಯ ಸದ್ದು ಶುರು. ನೂರಾದರೆ ಎಲ್ಲ ಬಾಗಿಲೂ ಬಂದ್, ಮೊದಲಿಂದ ಆಡಬೇಕು. ಇಳಿಯುವ ದಾರಿಯೂ ಉಂಟು. ಅವಳ ಕೈಗೆ ಏನಾದರೂ ಕೆಲಸ ಕೊಟ್ಟರೆ ಇಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಇಳಿಯುವುದು ಅವಳು 'ಬೇಡ' ಅಂದ ಮೇಲೆ. ಒಂದೇ ಏಟಿಗೆ ಮೂವತ್ತು. ನಮ್ಮಮ್ಮ ಏನನ್ನಾದರೂ ಬೇಡ ಅಂದ ದಿನ ಸಂಜೆಯೆಲ್ಲ ಹಾಡು ಗುನುಗುತ್ತಿದ್ದಳು. ಅದು ಎಷ್ಟು ಸೂಕ್ಷ್ಮ, ಇದನ್ನು ಯಾರೂ ಗಮನಿಸಿರಲಿಕ್ಕಿಲ್ಲ ಅಂತ ನನಗೆ ನನ್ನ ಮೇಲೇ ಹೆಮ್ಮೆ.

ಇಂಥ ಹಂತವನ್ನು ದಾಟಲು ಪರೀಕ್ಷೆಗೆ ಬಂದವರಿಗೆ ಎರಡೂವರೆ ಗಂಟೆ ಬೇಕಾಗುತ್ತಿತ್ತು. ಅರ್ಧ ಜನ ದಾಟುತ್ತಲೇ ಇರಲಿಲ್ಲ. ನಮ್ಮ ಕಸುಬಿನಲ್ಲಿ ಪರೀಕ್ಷೆಗೆ ಹೊಸ ಕಣ್ಣು ಬೇಕು, ಒಮ್ಮೆ ಆಡಿದವರು ಮತ್ತೆ ಉಪಯೋಗಕ್ಕಿಲ್ಲ. ಹೊಸಬರು ಮುಗಿದುಹೋದಾಗ ಗಡುವಪ್ಪ, ಮನೆಯಿಂದ ಯಾರನ್ನಾದರೂ ಕರ್ಕೊಂಡು ಬನ್ನಿ ಅಂದರು. ನಾನು ನನ್ನ ಮಗಳನ್ನು ಕರೆದುಕೊಂಡು ಹೋದೆ.

ನನ್ನ ಮಗಳಿಗೆ ಹದಿನೆಂಟು. ಚಿನ್ನದಂಥ ಹುಡುಗಿ ಅಂತ ಎಲ್ಲರೂ ಹೇಳುತ್ತಾರೆ, ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋ ಥರದ ಮಾತಲ್ಲ ಇದು. ಒಂದು ದಿನವೂ ಎದುರಾಡಿದವಳಲ್ಲ. ಅವಳಪ್ಪ ಹತ್ತು ವರ್ಷದ ಹಿಂದೆ ಬಾಗಿಲು ದಡಾರನೆ ಹಾಕಿಕೊಂಡು ಹೊರಟುಹೋದ, ಆಗಿನಿಂದ ಮನೆಯಲ್ಲಿ ನಾವಿಬ್ಬರೇ. ನಾನೂ ನಮ್ಮಮ್ಮನೂ ಇದ್ದ ಹಾಗಲ್ಲ, ನಾವು ಗೆಳತಿಯರ ಹಾಗೆ ಅಂತ ಆಫೀಸಿನಲ್ಲಿ ನೂರು ಸಲ ಹೇಳಿದ್ದೆ. ಆ ವಾರ ಮನೆಯಲ್ಲಿ ಒಂದು ವಿಷಯ ನಡೀತಿತ್ತು. ಅವಳಿಗೆ ಹಡಗಿನ ಎಂಜಿನ್ ಕಲಿಯುವ ಹುಚ್ಚು. ರೈಲಿನಲ್ಲಿ ಏಳು ಗಂಟೆ ದೂರದ ಬಂದರಿನ ಊರಿನಲ್ಲಿ ಕಾಲೇಜು, ಅಲ್ಲಿ ಸೀಟು ಸಿಕ್ಕಿತ್ತು. ಹಾಸ್ಟೆಲಿನ ಅರ್ಜಿಗೆ ಪೋಷಕರ ಸಹಿ ಬೇಕು, ಶುಕ್ರವಾರ ಸಂಜೆ ಏಳರೊಳಗೆ ನಮ್ಮ ಬೀದಿಯ ಕೊನೆಯಲ್ಲಿರುವ ಆ ಕಾಲೇಜಿನ ಶಾಖಾ ಕಚೇರಿಗೆ ತಲುಪಿಸಬೇಕು. ಸಹಿ ಇಲ್ಲದಿದ್ದರೆ ಹಾಸ್ಟೆಲ್ ಇಲ್ಲ, ಹಾಸ್ಟೆಲ್ ಇಲ್ಲದಿದ್ದರೆ ಸೀಟು ಇಲ್ಲ. ನಾನು ಬೇಡ ಅಂದಿರಲಿಲ್ಲ. ನೋಡೋಣ ಅಂದಿದ್ದೆ. ಅರ್ಜಿ ಹದಿನೈದು ದಿನದಿಂದ ಫ್ರಿಜ್ಜಿನ ಮೇಲೆ ಬಿದ್ದಿತ್ತು.

ಪರೀಕ್ಷೆ ಮಂಗಳವಾರ. ಪರೀಕ್ಷೆಯ ಕೋಣೆ ಅಂದರೆ ಮೊದಲು ಸಾಮಾನು ತುಂಬಿಡುತ್ತಿದ್ದ ಕಿಟಕಿಯಿಲ್ಲದ ಗೂಡು. ಆಡುವವರು ಮುಂದೆ, ಅವರ ಮುಖಕ್ಕೆ ಒಂದು ಸಣ್ಣ ಕ್ಯಾಮೆರಾ, ನಾವು ಹಿಂದೆ. ಹಿಂದೆ ಕೂತವರು ತುಟಿ ಪಿಟಕ್ ಅನ್ನಬಾರದು, ಕೆಮ್ಮಲೂಬಾರದು. ಕೆಮ್ಮಿದರೆ ಸುಳಿವು ಕೊಟ್ಟಂತೆ. ಎಡಗಡೆ ಗಡುವಪ್ಪ, ಬಲಗಡೆ ನಮ್ಮ ಪ್ರೋಗ್ರಾಮರ್. ಅವನು ವಾರಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಎಲ್ಲರೂ ಮೌನಿಬಾಬಾ ಅನ್ನುತ್ತಾರೆ. ನಡುವೆ ನಾನು, ಮಗಳ ಜಡೆ ನೋಡುತ್ತಾ.

ಎಲ್ಲರೂ ಮೊದಲು ಡ್ರಾಯರ್ ತೆರೆದು ಬೀಗದ ಕೈ ಹುಡುಕುತ್ತಾರೆ. ಇವಳು ಅಡುಗೆಮನೆ ಬಾಗಿಲಿಗೆ ಹೋಗಿ ನಿಂತಳು. ಅಮ್ಮ ಬೆನ್ನು ಹಾಕಿ ನಿಂತಿದ್ದಳು. ಇವಳು ಏನೂ ಮಾಡದೆ ಆ ಬೆನ್ನನ್ನು, ಭುಜವನ್ನು ನೋಡುತ್ತಾ ಅರ್ಧ ನಿಮಿಷ ಕಳೆದಳು. ಆಮೇಲೆ ಮಲಗುವ ಕೋಣೆಗೆ ಹೋಗಿ ಕತ್ತರಿ ತಗೊಂಡಳು. ಆ ಕತ್ತರಿ ನಾವಿಟ್ಟಿದ್ದು ಪೆಟ್ಟಿಗೆಯ ಹಗ್ಗ ಕತ್ತರಿಸೋದಕ್ಕೆ. ಇವಳು ಅದರಿಂದ ತನ್ನದೇ ಅಂಗಿಯ ತೋಳಿನ ಹೊಲಿಗೆ ಬಿಚ್ಚಿದಳು. ಬಿಚ್ಚಿದ ಅಂಗಿಯನ್ನು ತಂದು ಅಮ್ಮನಿಗೆ ಕೊಟ್ಟಳು.

ಕೊಡಿಲ್ಲಿ, ನಾನಿಲ್ಲದಿದ್ರೆ ನೀನೇನ್ ಮಾಡ್ತಿದ್ದೆ ಅಂತ ಹೇಳುತ್ತಾ ಅಮ್ಮ ಸೂಜಿ ಹಿಡಿದು ಕೂತಳು. ಮುನಿಸು ಇಳಿಯಿತು. ಆಗ ಇವಳು ಉತ್ತರಗಳ ಪಟ್ಟಿಯಿಂದ ಒಂದನ್ನು ಆರಿಸಿದಳು: ಗೆಳತಿಯರ ಜೊತೆ ನಾಲ್ಕು ದಿನ ಪ್ರವಾಸ ಹೋಗ್ಲಾ? ನೂರು ಜನರಲ್ಲಿ ಒಬ್ಬರೂ ಅದನ್ನು ಮುಟ್ಟಿರಲಿಲ್ಲ, ಅದು ತಾನಾಗಿ ಹೋಗಿ ಬಾವಿಗೆ ಬಿದ್ದ ಹಾಗೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಅಮ್ಮ ಬೇಡ ಅಂದಳು. ಬೇಡ ಅನ್ನೋದಕ್ಕೆ ನಾನು ಎಂಟು ಸಾಲು ಬರೆದಿದ್ದೆ. ಉಳಿದವರು ಇಂಥ ಕಡೆ ಗುಂಡಿ ಒತ್ತಿ ಮಾತು ಹಾರಿಸುತ್ತಾರೆ. ಇವಳು ಎಂಟೂ ಸಾಲನ್ನು ತಲೆಯಾಡಿಸುತ್ತಾ ಕೇಳಿದಳು. ನಿಜವಾಗಿ ತಲೆಯಾಡಿಸುತ್ತಿದ್ದಳು, ಪರದೆಯ ಮುಂದೆ. ಮುನಿಸು ಪಾತಾಳಕ್ಕೆ ಹೋಯಿತು. ಆಗ ಕೇಳಿದಳು: ಸರಿ ಅಮ್ಮ, ಕಸ ಹಾಕಿ ಬರ್ಲಾ?

ಅಮ್ಮ ಎದ್ದಳು. ಕೈ ಒರೆಸಿಕೊಂಡು ಬಂದು ತಾನೇ ಚಿಲಕ ತೆಗೆದಳು. ಬೇಗ ಬಾ ಅಂದಳು.

ಪರದೆ ಬೆಳ್ಳಗಾಯಿತು. ಮಗಳು ಗುಂಡಿಗಳಿಂದ ಕೈ ತೆಗೆದು, ಗೋಡೆಯ ಗಡಿಯಾರ ನೋಡಿ, ಮುಗೀತಾ, ನಾನು ಹೋಗ್ಲಾ ಅಂತ ಕೇಳಿದಳು. ಹನ್ನೊಂದು ನಿಮಿಷ.

ಗಡುವಪ್ಪನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಮಗಳು ಮೆಟ್ಟಿಲಿಳಿದ ಮೇಲೆ ನನ್ನ ಕಡೆ ತಿರುಗಿ, ಮನೇಲಿ ಹೇಳಿಕೊಟ್ಟಿದ್ದೀರಾ ಅಂದರು. ದೇವರಾಣೆಗೂ ಇಲ್ಲ ಅಂದೆ, ಅದು ನಿಜ, ಈ ಗೇಮಿನ ಒಂದು ಸಾಲನ್ನೂ ನಾನು ಮನೆಯಲ್ಲಿ ಹೇಳಿರಲಿಲ್ಲ. ಕಸದ ಮಾತು ಎಲ್ಲಿಂದ ಬಂತು ಅಂತ ಹುಡುಕಿದರೆ, ಮೊದಲ ತಿಂಗಳು ಬಾಗಿಲು ಸರಿಯಾಗಿ ತೆರೆಯುತ್ತದೋ ನೋಡಲು ಮೌನಿಬಾಬಾ ಹಾಕಿದ್ದಂತೆ, ತೆಗೆಯಲು ಮರೆತಿದ್ದಂತೆ. ಮುನಿಸು ಸೊನ್ನೆಗೆ ಬಂದರೆ ಮಾತ್ರ ಅದು ಪಟ್ಟಿಯಲ್ಲಿ ಕಾಣುತ್ತದೆ, ಎರಡು ವರ್ಷದಲ್ಲಿ ಯಾರೂ ಅವಳನ್ನು ಸೊನ್ನೆಗೆ ತಂದಿರಲಿಲ್ಲ. ಶುಕ್ರವಾರದೊಳಗೆ ಈ ತೂತು ಮುಚ್ಚಬೇಕು ಅಂದರು ಗಡುವಪ್ಪ. ಮೌನಿಬಾಬಾ ತನ್ನ ವಾರದ ಒಂದು ಮಾತನ್ನು ಆಗ ಖರ್ಚು ಮಾಡಿದ.

"ನಿಮ್ಮ ಮಗಳು ಹುಡುಕಲೇ ಇಲ್ಲ ಮೇಡಂ. ಅವರಿಗೆ ಮೊದಲೇ ಗೊತ್ತಿತ್ತು."

ಆ ಸಂಜೆ ಮಗಳು ಒಣಗಿದ ಬಟ್ಟೆ ಮಡಚುತ್ತಿದ್ದಾಗ, ಅದು ಹೇಗೆ ಮಾಡಿದೆ ಪುಟ್ಟಿ, ಹೇಳು ಅಂದೆ. ಅವಳು ದಿಂಬಿನ ಚೀಲವನ್ನು ನಾಲ್ಕಾಗಿ ಮಡಚಿ, ಅಂಚಿಗೆ ಅಂಚು ಸರಿಮಾಡಿ, ಆಮೇಲೆ ಕೇಳಿದಳು.

"ಹೇಳಿದ್ರೆ ಅದನ್ನ ಆಫೀಸಲ್ಲಿ ಉಪಯೋಗಿಸ್ತೀಯಾ, ಮನೇಲಾ?"

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು, ನನ್ನ ನಗು ನಿಲ್ಲೋ ತನಕ ನಕ್ಕು ನಿಲ್ಲಿಸಿದಳು. ಸುಮ್ನೆ ಅದೃಷ್ಟ ಅಮ್ಮ, ನಿನ್ನ ಡೈಲಾಗ್ ಮಾತ್ರ ಸಖತ್ತಾಗಿದೆ ಅಂದಳು. ಕೋಣೆಗೆ ಹೋಗುವಾಗ ನನ್ನ ಮನಸ್ಸು ಹಗುರವಾಗಿತ್ತು. ಏನು ಕೇಳಿದೆ, ಏನು ಸಿಕ್ಕಿತು ಅನ್ನೋದನ್ನು ಯೋಚಿಸಲೇ ಇಲ್ಲ.

ಬುಧವಾರ ಆ ಹನ್ನೊಂದು ನಿಮಿಷದ ರೆಕಾರ್ಡಿಂಗ್ ಹಾಕಿಕೊಂಡು ಕೂತೆ. ಮೂರನೇ ಸಲ ನೋಡುವಾಗ, ಅಮ್ಮ ಬೇಡ ಬೇಡ ಅನ್ನುವ ಜಾಗದಲ್ಲಿ, ಕ್ಯಾಮೆರಾದಲ್ಲಿ ಮಗಳ ಮುಖ ನೋಡಿದೆ. ಬೇಸರವಿಲ್ಲ, ಭಯವಿಲ್ಲ. ಬಸ್ಸಿಗೆ ಕಾಯುವವರ ಮುಖ. ಆ ಮುಖ ನಾನು ನೋಡಿದ್ದೆ. ಎಲ್ಲಿ ಅಂತ ಹುಡುಕಬೇಕಾಗಿಯೇ ಇರಲಿಲ್ಲ, ನಮ್ಮ ಅಡುಗೆಮನೆಯಲ್ಲೇ, ಎರಡು ತಿಂಗಳ ಹಿಂದೆ.

ಎರಡು ತಿಂಗಳ ಹಿಂದೆ ಅವಳು ಬೇರೆ ದೇಶದಲ್ಲಿ ಮೂರು ವರ್ಷದ ಕೋರ್ಸಿಗೆ ಹೋಗ್ತೀನಿ ಅಂತ ಕೇಳಿದ್ದಳು. ನಾನು ಖಂಡತುಂಡವಾಗಿ ಬೇಡ ಅಂದಿದ್ದೆ. ಒಂದು ಗಂಟೆ ಹೇಳಿದ್ದೆ, ಅವಳು ತಲೆಯಾಡಿಸುತ್ತಾ ಕೇಳಿದ್ದಳು. ಆ ಸಂಜೆ ನಾನು ಎಷ್ಟು ಖುಷಿಯಾಗಿದ್ದೆ ಅಂದರೆ ಇಬ್ಬರೂ ಸಿನಿಮಾಕ್ಕೆ ಹೋಗಿದ್ದೆವು. ಎರಡು ದಿನ ಬಿಟ್ಟು ಬಂದರಿನ ಊರಿನ ಮಾತು ತೆಗೆದಳು, ನಾನು ದೊಡ್ಡ ಮನಸ್ಸು ಮಾಡಿ ನೋಡೋಣ ಅಂದೆ. ಅದಕ್ಕೂ ಮೊದಲಿನ ವಾರ ಕೋಟಿನ ಲೈನಿಂಗ್ ಹರಿದಿದೆ ಅಮ್ಮ ಅಂತ ತಂದು ಕೊಟ್ಟಿದ್ದಳು. ಹೊಲಿಯುವಾಗ ಹರಿದ ಅಂಚು ಎಷ್ಟು ನೇರವಾಗಿದೆ, ಬಟ್ಟೆ ಒಳ್ಳೆಯದು ಅಂದುಕೊಂಡಿದ್ದೆ.

ಬೇರೆ ದೇಶಕ್ಕೆ ಹೋಗುವ ಆಸೆ ಅವಳಿಗೆ ಯಾವತ್ತೂ ಇರಲೇ ಇಲ್ಲ.

ನಾಚಿಕೆ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು, ಕಣ್ಣು ಕತ್ತಲೆ ಬರುವಂಥ ಸಿಟ್ಟು. ನನ್ನನ್ನೇ ಕುಣಿಸಿದ್ದಾಳಲ್ಲ ಇವಳು! ಎಷ್ಟು ದಿನದಿಂದ? ಹತ್ತನೇ ವಯಸ್ಸಿನಿಂದಲಾ? ತಲೆನೋವು ಅಮ್ಮ, ಸ್ವಲ್ಪ ಎಣ್ಣೆ ಹಚ್ಚು ಅಂತ ಮಡಿಲಲ್ಲಿ ತಲೆಯಿಟ್ಟ ದಿನಗಳೆಲ್ಲ ತಲೆ ನೋಯುತ್ತಿತ್ತಾ? ಆಮೇಲೆ, ಅದೇ ಕುರ್ಚಿಯಲ್ಲಿ ಕೂತ ಹಾಗೆಯೇ, ಇನ್ನೊಂದು ಹೊಳೆಯಿತು. ಇದು ನಮ್ಮಮ್ಮನ ಮನೆ ಅಂದುಕೊಂಡು ಇಟ್ಟಿಗೆ ಇಟ್ಟಿಗೆ ಜೋಡಿಸಿದ್ದೆ. ಬಂದವಳು ಒಂದು ಡ್ರಾಯರನ್ನೂ ತೆರೆಯದೆ ದಾಟಿಹೋದಳು, ಯಾಕೆಂದರೆ ಹದಿನೆಂಟು ವರ್ಷದಿಂದ ಅದರಲ್ಲೇ ಇದ್ದಳು. ಕೋಣೆಯ ಗಾಳಿ ಸಾಲದಾಯಿತು. ಎದ್ದು ಹೊರಗೆ ಹೋಗೋಣ ಅಂದರೆ ಎಲ್ಲಿಗೆ ಹೋಗೋದು ಅಂತ ತಿಳಿಯಲಿಲ್ಲ, ಆಫೀಸಿನಲ್ಲೂ ಅದೇ ಮನೆ, ಮನೆಯಲ್ಲೂ ಅದೇ ಮನೆ.

ಮಧ್ಯಾಹ್ನ ಮೌನಿಬಾಬಾ ಬಂದು, ಕಸದ ಆಯ್ಕೆ ತೆಗೆದುಬಿಡ್ಲಾ, ಎರಡು ನಿಮಿಷದ ಕೆಲಸ ಅಂತ ಸನ್ನೆ ಮಾಡಿದ. ಬೇಡ ಅಂದೆ. ಅದು ಮೋಸ. ಬಾಗಿಲನ್ನು ಗೋಡೆ ಮಾಡಿದರೆ ಆಡುವವರಿಗೆ ಗೊತ್ತಾಗುತ್ತದೆ. ಅಮ್ಮನೇ ಮುಚ್ಚಬೇಕು, ಮಾತಿನಲ್ಲಿ. ಯಾಕೆ ಹಾಗಂದೆ? ಕಸುಬಿನ ಸೊಕ್ಕು. ಒಳಗೆ ಮನೆ ಕುಸಿಯುತ್ತಿದ್ದರೂ ಕೈ ತನ್ನ ಕೆಲಸ ಬಿಡುವುದಿಲ್ಲ. ಐದು ನಿಮಿಷ ಕೂತು ಒಂದೇ ಸಾಲು ಬರೆದೆ. ಕಸ ಹಾಕಿ ಬರ್ಲಾ ಅಂತ ಮಗಳು ಕೇಳಿದರೆ ಅಮ್ಮ ಚಿಲಕ ತೆಗೆಯುತ್ತಾಳೆ, ಚಪ್ಪಲಿ ಮೆಟ್ಟುತ್ತಾಳೆ, ನಡಿ, ನಾನೂ ಬರ್ತೀನಿ ಅನ್ನುತ್ತಾಳೆ. ತೋಳು ಹಿಡಿದುಕೊಂಡು ಕಸದ ಡಬ್ಬಿಯ ತನಕ ಹೋಗಿ, ತೋಳು ಹಿಡಿದುಕೊಂಡೇ ವಾಪಸ್ ಕರೆತರುತ್ತಾಳೆ.

ಗುರುವಾರ ಗಡುವಪ್ಪ ಎಲ್ಲಿಂದಲೋ ಹಿಡಿದು ತಂದ ಆರು ಜನ ಹೊಸಬರಿಗೆ ನನ್ನ ಮಗಳ ದಾರಿಯನ್ನೇ ಮೊದಲೇ ಹೇಳಿಕೊಟ್ಟು ಆಡಿಸಿದೆವು. ಒಬ್ಬರೂ ಹೊರಗೆ ಬರಲಿಲ್ಲ. ಒಬ್ಬಾಕೆ ಹೆಡ್‌ಫೋನ್ ಕಿತ್ತಿಟ್ಟು ಬಾಲ್ಕನಿಗೆ ಹೋಗಿ ನಿಂತರು. ಗಡುವಪ್ಪ ನನ್ನ ಕೈ ಕುಲುಕಿದರು, ಈ ಒಂದು ಸಾಲಿಗೆ ಎಂಟಲ್ಲ, ಹದಿನಾರು ಕೈ ಇದೆ ಅಂದರು. ನನಗೆ ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ.

ಆದರೆ ಶುಕ್ರವಾರ ಒಂದು ನಿರ್ಧಾರ ಮಾಡಿಯೇ ಮನೆಗೆ ಬಂದೆ. ಒಂದು ಮಾತೂ ಆಡದೆ ಸಹಿ ಹಾಕಿ ಕೊಡಬೇಕು. ಮಾತಾಡಿದರೆ ಕೆಟ್ಟೆ. ಬೇಗ ಬಂದು ಅಡುಗೆ ಮಾಡಿದೆ, ಮನಸ್ಸು ಒಲೆಯ ಮೇಲಿರಲಿಲ್ಲ, ಕೈ ತಾನಾಗಿ ಹೆಚ್ಚಿ ಬೇಯಿಸಿತು. ಆರು ಗಂಟೆಗೆ ಮಗಳು ಫ್ರಿಜ್ಜಿನ ಮೇಲಿನಿಂದ ಅರ್ಜಿ ತೆಗೆದು, ಒರೆಸಿ, ಊಟದ ಮೇಜಿನ ಮೇಲೆ ನನ್ನ ಮುಂದೆ ಇಟ್ಟಳು. ಏನೂ ಕೇಳಲಿಲ್ಲ. ಈ ಸಲ ಹರಿದ ಬಟ್ಟೆ ಇಲ್ಲ, ತಲೆನೋವಿಲ್ಲ. ನಾನು ಪೆನ್ನು ತಗೊಂಡೆ. ಪೋಷಕರ ಸಹಿ ಅಂತ ಬರೆದಿದ್ದ ಗೆರೆಯ ಮೇಲೆ ಪೆನ್ನಿನ ತುದಿ ಇಟ್ಟೆ. ಅವಳ ಬೆರಳುಗಳನ್ನು ನೋಡಿದೆ, ಉಗುರು ಕಚ್ಚಿ ಕಚ್ಚಿ ಮೊಂಡಾಗಿದ್ದವು. ಒಬ್ಬಳೇ ಏನು ತಿನ್ನುತ್ತಾಳೋ, ಸಮುದ್ರದ ಗಾಳಿಗೆ ಶೀತ ಆದರೆ ಯಾರು ನೋಡುತ್ತಾರೋ. ನಿಜವಾದ ಪ್ರೀತಿಯಿಂದ, ಅವಳಿಗೆ ಏನೋ ದೊಡ್ಡದು ಕೊಡುತ್ತಿದ್ದೇನೆ ಅಂತ ಬಾಯಿ ಬಿಟ್ಟೆ.

"ಹಾಸ್ಟೆಲ್ ಯಾಕೆ ಪುಟ್ಟಿ? ಬರೆಯೋ ಕೆಲಸ ಎಲ್ಲಿ ಕೂತ್ರೂ ಆಗುತ್ತೆ. ಒಂದು ಸಣ್ಣ ಮನೆ ಮಾಡೋಣ. ನಾನೂ ಬರ್ತೀನಿ."

ಆಡಿದ ಮೇಲೆ ಕೇಳಿಸಿತು. ಅವಳ ಮುಖ ನೋಡಿದೆ. ಗುರುವಾರ ಆರು ಸಲ ನೋಡಿದ್ದ ಮುಖ ಅದು.

"ಬೇಡಮ್ಮ," ಅಂದಳು.

ನಾನು ಮುಂದಿನ ಮಾತಿಗೆ ಕಾದೆ. ಯಾಕೆ ಬೇಡ, ಹೇಗೆ ಬೇಡ, ತಪ್ಪು ತಿಳ್ಕೋಬೇಡ, ಏನಾದರೂ ಬರಬೇಕಿತ್ತಲ್ಲ. ಬರಲಿಲ್ಲ. ಅಷ್ಟೇ. ಮಗಳ ಉತ್ತರಗಳ ಪಟ್ಟಿಯಲ್ಲಿ ನಾನು ನೂರಾರು ಉತ್ತರ ಬರೆದಿದ್ದೆ, ಬರೀ 'ಬೇಡ' ಅಂತ ಒಂದನ್ನೂ ಬರೆದಿರಲಿಲ್ಲ. ನಮ್ಮಮ್ಮನಿಗೆ ಅದನ್ನು ಹೇಳಿದವಳಲ್ಲ ನಾನು, ಅಂಥದೊಂದು ಉತ್ತರ ಇದೆ ಅಂತಲೇ ಹೊಳೆದಿರಲಿಲ್ಲ. ಸಾವಿರದ ನಾನೂರು ಸಾಲೂ ಗಂಟಲಿಗೆ ನುಗ್ಗಿ ಬಂದವು. ಹೋಗಮ್ಮ ಹೋಗು, ನಾನು ಯಾರು ನಿನಗೆ. ಇಷ್ಟು ಮಾಡಿದ್ದಕ್ಕೆ ಇದಾ. ನಾನು ಸತ್ತ ಮೇಲೆ ಗೊತ್ತಾಗುತ್ತೆ. ಏನು ಹೇಳಿದರೂ ಅದು ಮೊದಲೇ ಬರೆದದ್ದು, ಏನೂ ಹೇಳದಿದ್ದರೂ ಅದು ನಮ್ಮಮ್ಮನ ಮೌನ, ಅದನ್ನೂ ಸೆಕೆಂಡು ಸೆಕೆಂಡಾಗಿ ಅಳೆದು ಇಟ್ಟವಳು ನಾನೇ. ಹಲ್ಲು ಕಚ್ಚಿ ಸಹಿ ಹಾಕಿದೆ.

ಸಹಿ ಹಾಕಿದೆ, ಆದರೆ ಕೈ ಕಾಗದದ ಮೇಲೇ ಉಳಿಯಿತು. ಇಟ್ಟುಕೊಂಡೆ ಅಂತ ಹೇಳಲಾರೆ. ಅಲ್ಲಿತ್ತು.

"ಊಟ ಮಾಡು," ಅಂದೆ. "ಆಮೇಲೆ ಕೊಡ್ತೀನಿ."

ಅವಳು ಗಡಿಯಾರ ನೋಡಿದಳು. ಆರೂ ಹತ್ತು. ಕಚೇರಿಗೆ ಐದು ನಿಮಿಷದ ದಾರಿ. ಒಂದು ಕ್ಷಣ ನನ್ನ ಕೈಯನ್ನೇ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ನಾನು ಬಡಿಸಿದೆ. ತಿಂದಳು, ಅವಸರ ಮಾಡಲಿಲ್ಲ. ತಟ್ಟೆ ಖಾಲಿಯಾದ ಮೇಲೆ ಇನ್ನೂ ಸ್ವಲ್ಪ ಹಾಕು ಅಂದಳು. ಅದೆಲ್ಲಿಂದ ಬಂತೋ ಸಂತೋಷ, ಎರಡು ಸೌಟು ಹಾಕಿದೆ. ಅದನ್ನೂ ತಿಂದಳು. ಬೆರಳಿಗಂಟಿದ್ದನ್ನೂ ಬಿಡಲಿಲ್ಲ. ಇವತ್ತು ತುಂಬಾ ಚೆನ್ನಾಗಿದೆ ಅಮ್ಮ ಅಂದಳು, ಮುಖ ನೋಡಿ ಹೇಳಿದಳು. ಮೂರು ದಿನದಿಂದ ಎದೆಯಲ್ಲಿ ಕಲ್ಲಾಗಿ ಕೂತಿದ್ದದ್ದು ಕರಗಿತು. ಇಲ್ಲ, ಎಲ್ಲವೂ ಆಟವಲ್ಲ, ಇದು ಆಟವಲ್ಲ, ಇವಳು ನನ್ನ ಮಗಳು ಅನ್ನಿಸಿತು. ಕೈ ತಾನಾಗಿ ಎದ್ದಿತು. ಅರ್ಜಿಯನ್ನು ಮಡಚಿ ಅವಳ ಕೈಗೆ ನಾನೇ ಕೊಟ್ಟೆ, ಹುಷಾರಾಗಿ ಹೋಗಿ ಬಾ ಅಂದೆ. ತಟ್ಟೆ ತೊಳೆದಿಟ್ಟು, ಶೂ ಹಾಕಿಕೊಂಡು ಹೋದಳು. ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡಳು.

ನನಗೂ ಹಸಿವಾಗಿತ್ತು. ಬಡಿಸಿಕೊಂಡು ಕೂತೆ. ಮೊದಲ ತುತ್ತು ಬಾಯಿಗಿಟ್ಟೆ.

ಉಪ್ಪೇ ಹಾಕಿರಲಿಲ್ಲ. ಕಡಿಮೆಯಲ್ಲ, ಒಂದು ಹರಳೂ ಇಲ್ಲ. ಸಪ್ಪೆ ಸಪ್ಪೆ, ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇದನ್ನು ಎರಡು ಸಲ ಹಾಕಿಸಿಕೊಂಡು ತಿಂದಿದ್ದಳು. ಉಪ್ಪಿನ ಡಬ್ಬಿ ಮೇಜಿನ ಮೇಲೆ, ಅವಳ ಕೈಗೆಟಕುವಷ್ಟು ಹತ್ತಿರ ಇತ್ತು, ಮುಟ್ಟಿರಲಿಲ್ಲ. ನಾನೂ ಮುಟ್ಟಲಿಲ್ಲ. ತಟ್ಟೆಯಲ್ಲಿದ್ದಷ್ಟನ್ನೂ ಹಾಗೆಯೇ ತಿಂದೆ.